ಮಾತಾಡುತ್ತ ಓಡುವಷ್ಟು ನಿಧಾನ: ಹೊಸಬರು ದೂರದ ಓಟಕ್ಕೆ ಅಣಿಯಾಗುವ ಬಗೆ

2023ರ ಡಿಸೆಂಬರಿನಲ್ಲಿ ವಿಜಯಪುರದಲ್ಲಿ ವೃಕ್ಷೋಥಾನ್ ಹೆರಿಟೇಜ್ ರನ್ ನಡೆದಾಗ ಸಾವಿರಾರು ಮಂದಿ ಬೂಟು ಕಟ್ಟಿಕೊಂಡು ರಸ್ತೆಗಿಳಿದರು. ಅಂಥ ಓಟಗಳಲ್ಲಿ ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರಿನ ವಿಭಾಗಗಳಿರುತ್ತವೆ. ಶಾಲೆ ಬಿಟ್ಟ ಮೇಲೆ ಒಮ್ಮೆಯೂ ಓಡದವರು ಕೂಡ ಈಗ ‘ಮುಂದಿನ ಸಲ ಹತ್ತಕ್ಕೆ ಹೆಸರು ಕೊಡೋಣವೇ’ ಎಂದು ಯೋಚಿಸುತ್ತಾರೆ. ಬೆಳಗ್ಗೆ ಕ್ರೀಡಾಂಗಣಕ್ಕೋ ಕೆರೆಯ ದಂಡೆಗೋ ಹೋಗಿ ಶುರು ಮಾಡುತ್ತಾರೆ. ಮೊದಲ ದಿನ ಒಂದು ಸುತ್ತು ಜೋರಾಗಿ ಓಡಿ ಎದೆ ಹಿಡಿದುಕೊಂಡು ನಿಲ್ಲುತ್ತಾರೆ, ಎರಡನೆಯ ದಿನ ತೊಡೆ ಬಿಗಿಯುತ್ತದೆ, ನಾಲ್ಕನೆಯ ದಿನ ಮನೆಯಲ್ಲೇ ಉಳಿಯುತ್ತಾರೆ. ‘ನನ್ನ ಮೈಗೆ ಓಟ ಆಗಿಬರೋದಿಲ್ಲ’ ಎಂಬ ತೀರ್ಮಾನವೂ ಆಗಿಬಿಡುತ್ತದೆ.

ಮೈಯಲ್ಲಿ ಕೊರತೆ ಏನೂ ಇರುವುದಿಲ್ಲ, ವೇಗ ಹೆಚ್ಚಾಗಿರುತ್ತದೆ ಅಷ್ಟೆ. ನಮ್ಮ ಕಡೆ ಓಟ ಎಂದರೆ ಭರ್ತಿಯ ಓಟ. ಸೈನ್ಯಕ್ಕೋ ಪೊಲೀಸಿಗೋ ಸೇರಲು ಹುಡುಗರು ನಸುಕಿನಲ್ಲಿ ಓಡುವುದನ್ನು ನೋಡುತ್ತಲೇ ಬೆಳೆದವರು ನಾವು. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷ ಚಿಲ್ಲರೆ. ಹೊಸದಾಗಿ ಓಡುವ ಮೂವತ್ತೈದು, ನಲವತ್ತರ ವಯಸ್ಸಿನವರಿಗೆ ಒಗ್ಗುವ ವೇಗ ಸಾಮಾನ್ಯವಾಗಿ ಅದರ ಅರ್ಧ, ಕಿಲೋಮೀಟರಿಗೆ ಏಳೂವರೆಯಿಂದ ಒಂಬತ್ತು ನಿಮಿಷ. ಇವೆರಡೂ ‘ಓಟ’ವೇ ಆದರೂ ದೇಹದ ಮಟ್ಟಿಗೆ ಬೇರೆ ಬೇರೆ ಕೆಲಸಗಳು.

ಆರಾಮದ ವೇಗ ಎಂದರೆ ಎಷ್ಟು?

ಓಡುತ್ತಿರುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು. ನಡುವೆ ಉಸಿರಿಗಾಗಿ ಪದ ನುಂಗುವಂತಿರಬಾರದು. ಇದು ಅತ್ಯಂತ ಸರಳ ಅಳತೆ, ಇದಕ್ಕೆ ಗಡಿಯಾರವೂ ಬೇಡ. ಜೊತೆಗೆ ಯಾರೂ ಇಲ್ಲದಿದ್ದರೆ ಬಾಯಿಪಾಠ ಇರುವ ಒಂದು ವಚನವನ್ನು ಗಟ್ಟಿಯಾಗಿ ಹೇಳಿ ನೋಡಬಹುದು. ಎರಡೆರಡು ಪದಕ್ಕೊಮ್ಮೆ ಉಸಿರು ಕಡಿದರೆ ವೇಗ ಇಳಿಸಬೇಕು. ಹಾಡುವಷ್ಟು ಉಸಿರು ಮಿಕ್ಕಿದ್ದರೆ ಚೂರು ಏರಿಸಬಹುದು. ಶುರುವಿನ ಒಂದೆರಡು ವಾರ ಅಷ್ಟು ನಿಧಾನವಾಗಿ ಓಡುವುದೇ ಕಷ್ಟ, ನಾಲ್ಕು ಹೆಜ್ಜೆ ಹಾಕಿದರೆ ಸಾಕು ಏದುಸಿರು. ಅಂಥವರು ಓಟದ ನಡುವೆ ನಡಿಗೆ ಸೇರಿಸಿಕೊಳ್ಳಬೇಕು. ಅದರ ಲೆಕ್ಕ ಮುಂದಿದೆ.

ಕೈಗಡಿಯಾರದಲ್ಲಿ ನಾಡಿಬಡಿತ ನೋಡುವವರಿಗೆ ಇನ್ನೊಂದು ಲೆಕ್ಕವಿದೆ. ವಯಸ್ಸನ್ನು 0.7ರಿಂದ ಗುಣಿಸಿ, ಬಂದ ಸಂಖ್ಯೆಯನ್ನು 208ರಿಂದ ಕಳೆದರೆ ಗರಿಷ್ಠ ನಾಡಿಬಡಿತದ ಅಂದಾಜು ಸಿಗುತ್ತದೆ. ನಲವತ್ತರ ವಯಸ್ಸಿಗೆ ಅದು 180. ಅದರ ಶೇ 65ರಿಂದ 75, ಅಂದರೆ ನಿಮಿಷಕ್ಕೆ 117ರಿಂದ 135, ಆರಾಮದ ಓಟದ ವ್ಯಾಪ್ತಿ. ಆದರೆ ಇದು ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು, ಹದಿನೈದು ಬಡಿತದ ವ್ಯತ್ಯಾಸ ಇರುವುದು ಸಹಜ. ಮಣಿಕಟ್ಟಿನ ಗಡಿಯಾರ ಸಡಿಲವಾಗಿದ್ದರೆ ಹೆಜ್ಜೆಯ ಎಣಿಕೆಯನ್ನೇ ನಾಡಿ ಎಂದು ತೋರಿಸುವುದೂ ಉಂಟು. ಬಿ.ಪಿ.ಗೆಂದು ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ಅವರಿಗೆ ಈ ಲೆಕ್ಕ ಹೊಂದುವುದಿಲ್ಲ. ಗಡಿಯಾರ ಒಂದು ಹೇಳಿ ಉಸಿರು ಇನ್ನೊಂದು ಹೇಳಿದರೆ ಉಸಿರನ್ನೇ ನಂಬಬೇಕು.

ಕ್ರೀಡಾಂಗಣದ 400 ಮೀಟರ್ ಪಥದಲ್ಲಿ ಓಡುವವರಿಗೆ ಲೆಕ್ಕ ಸುಲಭ. ಒಳಗಿನ ಗೆರೆಯಲ್ಲಿ ಒಂದು ಸುತ್ತಿಗೆ 3 ನಿಮಿಷ ತೆಗೆದುಕೊಂಡರೆ ಕಿಲೋಮೀಟರಿಗೆ ಏಳೂವರೆ ನಿಮಿಷ, 3 ನಿಮಿಷ 36 ಸೆಕೆಂಡು ತೆಗೆದುಕೊಂಡರೆ ಒಂಬತ್ತು. ಹೊರಗಿನ ಎಂಟನೆಯ ಗೆರೆಯಲ್ಲಿ ಒಂದು ಸುತ್ತೇ 450 ಮೀಟರ್ ದಾಟುತ್ತದೆ ಎಂಬುದು ನೆನಪಿರಲಿ. ಒಂದೇ ದಿಕ್ಕಿಗೆ ಸುತ್ತಿದರೆ ತಿರುವಿನಲ್ಲಿ ಭಾರವೆಲ್ಲ ಒಂದೇ ಬದಿಗೆ ಬೀಳುತ್ತದೆ. ಆದ್ದರಿಂದ ಪಥ ಖಾಲಿ ಇದ್ದಾಗ ದಿನ ಬಿಟ್ಟು ದಿನ ದಿಕ್ಕು ಬದಲಿಸುವುದು ಒಳ್ಳೆಯದು.

ಈ ವೇಗದಲ್ಲಿ ಓಡುವಾಗ ಜೋರು ನಡೆಯುವ ಅಜ್ಜ ಒಬ್ಬರು ದಾಟಿ ಹೋಗಬಹುದು. ‘ಏನ್ರೀ, ಓಡಾಕತ್ತೀರೋ ನಡ್ಯಾಕತ್ತೀರೋ?’ ಎಂದು ಕೇಳಲೂಬಹುದು. ಹೊಸಬರ ವೇಗ ಕೆಡುವುದು ಬಹುಮಟ್ಟಿಗೆ ಇಂಥ ಕಡೆಯೇ. ಮಾತಿಗೆ ಉತ್ತರ ಕೊಡುವಷ್ಟು ಉಸಿರಿದ್ದರೆ ವೇಗ ಸರಿಯಾಗಿದೆ.

ನಿಧಾನದ ಓಟದಿಂದ ಒಳಗೆ ಏನಾಗುತ್ತದೆ?

ಓಡುವ ಸ್ನಾಯುವಿಗೆ ಎರಡು ಬಗೆಯ ಇಂಧನ ಸಿಗುತ್ತದೆ. ಒಂದು, ಊಟದ ಪಿಷ್ಟದಿಂದ ಬಂದ ಸಕ್ಕರೆ. ಇದು ಗ್ಲೈಕೊಜೆನ್ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿರುತ್ತದೆ. ಇನ್ನೊಂದು ಕೊಬ್ಬು. ಒಲೆಗೆ ತೊಗರಿ ಕಟ್ಟಿಗೆ ಹಾಕಿದರೆ ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ, ಜಾಲಿಯ ಕೊರಡು ಹೊತ್ತಿಕೊಳ್ಳಲು ತಡವಾದರೂ ತಾಸುಗಟ್ಟಲೆ ಕಾವು ಕೊಡುತ್ತದೆ. ಸಕ್ಕರೆ ಮತ್ತು ಕೊಬ್ಬಿನ ನಡುವಿನ ವ್ಯತ್ಯಾಸವೂ ಇಂಥದ್ದೇ. ಗ್ಲೈಕೊಜೆನ್ನಿನ ದಾಸ್ತಾನು ಚಿಕ್ಕದು, ಸುಮಾರು 400ರಿಂದ 500 ಗ್ರಾಂ, ಅಂದರೆ ಎರಡು ಸಾವಿರ ಕ್ಯಾಲರಿಯ ಆಸುಪಾಸು. ಕೊಬ್ಬು ತೆಳ್ಳಗಿನವರಲ್ಲೂ ಕಿಲೋಗಟ್ಟಲೆ ಇರುತ್ತದೆ. ಆದರೆ ಕೊಬ್ಬು ಉರಿಯಲು ಆಮ್ಲಜನಕ ಧಾರಾಳವಾಗಿ ಬೇಕು. ಏದುಸಿರು ಬರುವಂತೆ ಓಡಿದಾಗ ಅಷ್ಟು ಆಮ್ಲಜನಕ ಸ್ನಾಯುವಿಗೆ ಮುಟ್ಟುವುದಿಲ್ಲ, ದೇಹ ಸಕ್ಕರೆಯ ಕಡೆಗೆ ವಾಲುತ್ತದೆ. ಮಾತಾಡುವ ವೇಗದಲ್ಲಿ ಕೊಬ್ಬಿನ ಪಾಲು ಹೆಚ್ಚು.

ವಾರಗಟ್ಟಲೆ ಹೀಗೆ ಓಡಿದಾಗ ಮೂರು ಮುಖ್ಯ ಬದಲಾವಣೆಗಳು ಆಗುತ್ತವೆ. ಹೃದಯದ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಬೀಳುತ್ತದೆ, ಅದರಿಂದ ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ. ಸ್ನಾಯುವಿನ ಎಳೆಗಳ ಸುತ್ತ ಕೂದಲಿಗಿಂತ ತೆಳುವಾದ ಹೊಸ ರಕ್ತನಾಳಗಳು ಬೆಳೆಯುತ್ತವೆ. ಜೀವಕೋಶದೊಳಗೆ ಇಂಧನ ಉರಿಸುವ ಮೈಟೊಕಾಂಡ್ರಿಯಗಳು ಸಂಖ್ಯೆಯಲ್ಲೂ ಗಾತ್ರದಲ್ಲೂ ಹೆಚ್ಚುತ್ತವೆ. ಜೋರು ಓಟದಿಂದಲೂ ಇವು ಆಗುತ್ತವೆ. ಆದರೆ ಜೋರು ಓಟವನ್ನು ಹೊಸಬರು ಹೆಚ್ಚು ಹೊತ್ತು ಮಾಡಲಾರರು, ಮಾಡಿದರೆ ಚೇತರಿಸಿಕೊಳ್ಳಲು ದಿನಗಳು ಬೇಕು. ನಿಧಾನದ ಓಟದಲ್ಲಿ ದೇಹಕ್ಕೆ ಹೆಚ್ಚು ಹೊತ್ತು ಕೆಲಸ ಸಿಗುತ್ತದೆ, ಮರುದಿನ ಮೆಟ್ಟಿಲು ಹತ್ತಲೂ ಬರುತ್ತದೆ.

ಓಟಗಾರರ ತರಬೇತಿಯಲ್ಲಿ ಇದನ್ನು ಗಟ್ಟಿಯಾಗಿ ತಂದವರಲ್ಲಿ ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ ಪ್ರಮುಖರು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲಿ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲಿ ಚಿನ್ನ ಗೆದ್ದರು. ಎರಡು ನಿಮಿಷವೂ ಹಿಡಿಯದ 800 ಮೀಟರ್ ಓಟಕ್ಕೆ ಸ್ನೆಲ್ ವಾರಕ್ಕೆ ನೂರು ಮೈಲಿಯಷ್ಟು ದೂರದ ಓಟ ಓಡಿ ಅಡಿಪಾಯ ಹಾಕಿಕೊಂಡಿದ್ದರು. ಅರವತ್ತರ ದಶಕದ ಮೊದಲಲ್ಲಿ ಲಿಡಿಯಾರ್ಡ್ ಅದೇ ದಾರಿಯನ್ನು ಆಕ್ಲೆಂಡಿನ ಸಾಮಾನ್ಯ ಜನರಿಗೂ, ಹೃದ್ರೋಗ ಇದ್ದವರಿಗೂ ಕಲಿಸಿದರು. ಇಂದಿಗೂ ದೂರದ ಓಟಗಾರರ ವಾರದ ಓಟದಲ್ಲಿ ದೊಡ್ಡ ಪಾಲು ನಿಧಾನದ್ದೇ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ಓಡಿದ ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ಓಟದಲ್ಲಿ ಹೆಚ್ಚಾದ ಲ್ಯಾಕ್ಟೇಟ್ (ದೇಹದಲ್ಲಿ ಆ ಆಮ್ಲ ಇರುವ ರೂಪ) ಓಟ ನಿಂತ ಒಂದು ತಾಸಿನ ಆಸುಪಾಸಿನಲ್ಲೇ ಕರಗಿಹೋಗಿರುತ್ತದೆ, ಅದನ್ನು ದೇಹ ಇಂಧನವಾಗಿಯೂ ಬಳಸಿಕೊಳ್ಳುತ್ತದೆ. ಮರುದಿನದ ನೋವು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯದ್ದು. ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ.

ದಮ್ಮು ಬೇಗ ಬರುತ್ತದೆ, ಎಲುಬು ತಡ ಮಾಡುತ್ತದೆ

ಹೊಸಬರ ಬಹಳಷ್ಟು ಗಾಯಗಳಿಗೆ ಮೂಲ ಈ ಒಂದು ಅಂತರ. ಓಡಲು ತೊಡಗಿದ ಎರಡು ವಾರದೊಳಗೆ ರಕ್ತದ ದ್ರವಾಂಶ ಹೆಚ್ಚುತ್ತದೆ. ನಾಲ್ಕರಿಂದ ಆರು ವಾರಕ್ಕೆ ಉಸಿರಾಟ ಹತೋಟಿಗೆ ಬರುತ್ತದೆ. ‘ಇನ್ನೂ ಓಡಬಲ್ಲೆ’ ಎನ್ನಿಸುವುದು ಆಗಲೇ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳು ಮತ್ತು ಎಲುಬುಗಳು ಹೊಸ ಭಾರಕ್ಕೆ ಹೊಂದಿಕೊಳ್ಳಲು ಮೂರು, ನಾಲ್ಕು ತಿಂಗಳು ಬೇಕು. ಅವುಗಳಿಗೆ ರಕ್ತ ಹರಿಯುವುದು ಸ್ನಾಯುವಿಗಿಂತ ಕಡಿಮೆ. ಮೇಲಾಗಿ ಎಲುಬು ಗಟ್ಟಿಯಾಗುವ ಕ್ರಮವೇ ವಿಚಿತ್ರ. ಮೊದಲು ಹಳೆಯ ಎಲುಬಿನ ಅಂಶ ಕರಗುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದು ಕೂಡುತ್ತದೆ. ಹೀಗಾಗಿ ನಡುವೆ ಕೆಲವು ವಾರ ಎಲುಬು ಮೊದಲಿಗಿಂತ ತುಸು ದುರ್ಬಲವಾಗಿಯೇ ಇರುತ್ತದೆ. ಉತ್ಸಾಹ ಉಕ್ಕುವುದೂ ಅದೇ ಹೊತ್ತಿಗೆ.

ಲೆಕ್ಕ ಹಾಕಿ ನೋಡಿದರೆ ಇದರ ಭಾರ ತಿಳಿಯುತ್ತದೆ. ನಿಮಿಷಕ್ಕೆ 160 ಹೆಜ್ಜೆಯಂತೆ ಎಂಟು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಡಿದರೆ 1280 ಹೆಜ್ಜೆ. ಐದು ಕಿಲೋಮೀಟರಿಗೆ 6400. ಒಂದೊಂದು ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಎಪ್ಪತ್ತು ಕಿಲೋ ತೂಕದವರಿಗೆ 140ರಿಂದ 210 ಕಿಲೋ. ಉಸಿರಾಟ ಆರಾಮವಾಗಿದೆ ಎಂದು ಒಂದೇ ವಾರದಲ್ಲಿ ಮೂರು ಕಿಲೋಮೀಟರಿನಿಂದ ಏಳಕ್ಕೆ ಹಾರಿದರೆ ಈ ಪೆಟ್ಟನ್ನೆಲ್ಲ ತಿನ್ನುವುದು ಇನ್ನೂ ಅಣಿಯಾಗದ ಎಲುಬು.

ಮೊದಲ ಹನ್ನೆರಡು ವಾರ

ಅರ್ಧ ಗಂಟೆ ಬಿರುಸಾಗಿ ನಡೆಯಲು ತೊಂದರೆ ಇಲ್ಲದಿದ್ದರೆ ಮಾತ್ರ ಇದನ್ನು ಶುರು ಮಾಡಬೇಕು. ಅದಾಗದವರು ಮೊದಲು ನಾಲ್ಕು ವಾರ ನಡಿಗೆಯನ್ನೇ ಮಾಡಲಿ. ವಾರಕ್ಕೆ ಮೂರು ದಿನ ಸಾಕು. ಮಂಗಳವಾರ, ಗುರುವಾರ, ಭಾನುವಾರ ಎಂದು ಇಟ್ಟುಕೊಂಡರೆ ಎರಡು ಓಟಗಳ ನಡುವೆ ಒಂದಾದರೂ ಬಿಡುವಿನ ದಿನ ಸಿಗುತ್ತದೆ. ಪ್ರತಿ ಸಲವೂ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷ ನಡಿಗೆ. ನಡುವಿನ ಭಾಗ ಹೀಗಿರಲಿ.

ಮೊದಲ ಎರಡು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರು ಮತ್ತು ನಾಲ್ಕನೆಯ ವಾರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಐದನೆಯ ವಾರ ಮೂರಕ್ಕೆ ಎರಡರಂತೆ ಐದು ಸಲ. ಆರನೆಯ ವಾರ ಐದು ನಿಮಿಷ ಓಡಿ ಎರಡು ನಿಮಿಷ ನಡೆಯುವುದು, ನಾಲ್ಕು ಸಲ. ಏಳನೆಯ ವಾರ ಎಂಟಕ್ಕೆ ಎರಡರಂತೆ ಮೂರು ಸಲ. ಎಂಟನೆಯ ವಾರ ಮುಂದೆ ಹೋಗುವುದು ಬೇಡ, ಆರನೆಯ ವಾರದ್ದನ್ನೇ ಮತ್ತೆ ಮಾಡಬೇಕು. ಎಲುಬಿನ ಕೆಲಸ ಒಳಗೆ ನಡೆಯುತ್ತಿರುವ ಹೊತ್ತು ಅದು. ಒಂಬತ್ತನೆಯ ವಾರ ಹತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆ, ಮೂರು ಸಲ. ಹತ್ತನೆಯ ವಾರ ಹದಿನೈದಕ್ಕೆ ಒಂದರಂತೆ ಎರಡು ಸಲ. ಹನ್ನೊಂದರಲ್ಲಿ ನಿಲ್ಲದೆ ಇಪ್ಪತ್ತೈದು ನಿಮಿಷ, ಹನ್ನೆರಡರಲ್ಲಿ ಮೂವತ್ತು.

ಕಿಲೋಮೀಟರಿಗೆ ಎಂಟು ನಿಮಿಷದ ಲೆಕ್ಕದಲ್ಲಿ ಮೂವತ್ತು ನಿಮಿಷಕ್ಕೆ ನಾಲ್ಕು ಕಿಲೋಮೀಟರ್ ಸಮೀಪ ಬರುತ್ತದೆ. ಆಮೇಲೆ ಎರಡು ಮೂರು ವಾರದಲ್ಲಿ ಐದು ಕಿಲೋಮೀಟರ್ ತಾನಾಗಿ ದಾಟುತ್ತದೆ. ಯಾವುದಾದರೂ ವಾರ ಕಷ್ಟವೆನಿಸಿದರೆ ಅದನ್ನೇ ಇನ್ನೊಮ್ಮೆ ಮಾಡಬೇಕು, ಹದಿನಾರು ವಾರ ಹಿಡಿದರೂ ನಷ್ಟವಿಲ್ಲ. ಮದುವೆ, ಜಾತ್ರೆ, ಸುಗ್ಗಿ ಎಂದು ಒಂದು ವಾರ ತಪ್ಪಿದರೆ ಹಿಂದಿನ ವಾರದಿಂದ, ಮೂರು ವಾರ ತಪ್ಪಿದರೆ ಅರ್ಧದಷ್ಟು ಹಿಂದಿನಿಂದ ಮತ್ತೆ ಹಿಡಿಯಬೇಕು. ತಪ್ಪಿದ್ದನ್ನು ತುಂಬಿಕೊಳ್ಳಲು ಸತತ ನಾಲ್ಕು ದಿನ ಓಡುವವರಿಗೇ ಮೊಣಕಾಲು ಹಿಡಿಯುವುದು.

ಐದರಿಂದ ಹತ್ತಕ್ಕೆ ಹೋಗುವಾಗ ಭಾನುವಾರದ ಓಟವನ್ನಷ್ಟೇ ಬೆಳೆಸಬೇಕು. ವಾರಕ್ಕೆ ಐದು ನಿಮಿಷ, ಮೈ ಒಪ್ಪಿದರೆ ಹೆಚ್ಚೆಂದರೆ ಹತ್ತು. ಉಳಿದ ಎರಡು ದಿನ ಮೂವತ್ತರಿಂದ ನಲವತ್ತು ನಿಮಿಷದಲ್ಲೇ ಇರಲಿ. ಪ್ರತಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗ ಕಡಿಮೆ. ಹೀಗೆ ಮಾಡಿದರೆ ಹತ್ತು, ಹನ್ನೆರಡು ವಾರದಲ್ಲಿ ಎಪ್ಪತ್ತೈದರಿಂದ ಎಂಬತ್ತು ನಿಮಿಷ ನಿಲ್ಲದೆ ಓಡಲು ಬರುತ್ತದೆ, ಅದು ಹೆಚ್ಚುಕಡಿಮೆ ಹತ್ತು ಕಿಲೋಮೀಟರ್. ಹಾಫ್ ಮ್ಯಾರಥಾನ್, ಅಂದರೆ 21.0975 ಕಿಲೋಮೀಟರ್, ಮೊದಲ ವರ್ಷದಲ್ಲೇ ಬೇಡ ಎನ್ನುವುದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ಆತುರಕ್ಕೆ ಬಿದ್ದವರು ಬಹಳ ಮಂದಿ ಗಾಯ ಮಾಡಿಕೊಳ್ಳುವುದು ಅಲ್ಲಿಯೇ.

ಹೆಜ್ಜೆ, ಬೂಟು, ನೆಲ

ಹೆಜ್ಜೆ ಚಿಕ್ಕದಿರಲಿ. ಕಾಲು ದೇಹಕ್ಕಿಂತ ಬಹಳ ಮುಂದೆ ಚಾಚಿ ಹಿಮ್ಮಡಿ ಬಡಿದರೆ ಹೆಜ್ಜೆಹೆಜ್ಜೆಗೂ ಬ್ರೇಕು ಹಾಕಿದ ಹಾಗೆ, ಪೆಟ್ಟು ನೇರವಾಗಿ ಮೊಣಕಾಲಿಗೆ ಹೋಗುತ್ತದೆ. ಪಾದ ಮೊಣಕಾಲಿನ ಕೆಳಗೇ ಊರಬೇಕು. ಮೂವತ್ತು ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 150ಕ್ಕಿಂತ ಕಡಿಮೆ ಇದ್ದರೆ ವೇಗ ಏರಿಸದೆ ಹೆಜ್ಜೆಯನ್ನಷ್ಟೇ ಚಿಕ್ಕದು ಮಾಡಿ ಶೇ 5ರಷ್ಟು ಹೆಚ್ಚಿಸಬೇಕು. ಮುಂಗಾಲಿನಲ್ಲೇ ಓಡಬೇಕು ಎಂಬ ಮಾತನ್ನು ಹೊಸಬರು ತಲೆಗೆ ಹಚ್ಚಿಕೊಳ್ಳುವುದು ಬೇಡ, ಅದರಿಂದ ಮೀನಖಂಡ ಮತ್ತು ಹಿಮ್ಮಡಿಯ ರಜ್ಜಿಗೆ ಭಾರ ಹೆಚ್ಚುತ್ತದೆ. ಭುಜ ಸಡಿಲ, ಮುಷ್ಟಿ ಸಡಿಲ, ಕಣ್ಣು ಹತ್ತು ಹದಿನೈದು ಮಾರು ಮುಂದೆ. ಇಷ್ಟು ಸಾಕು.

ಬೂಟನ್ನು ಸಂಜೆ ಹೊತ್ತು ಕೊಳ್ಳಬೇಕು, ದಿನವಿಡೀ ನಡೆದ ಪಾದ ಆಗ ಚೂರು ಉಬ್ಬಿರುತ್ತದೆ. ಓಟದಲ್ಲೂ ಹಾಗೆಯೇ ಉಬ್ಬುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಹಿಮ್ಮಡಿ ಜಾರಬಾರದು. ಬೆಲೆಗಿಂತ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿದಾಗ ಹಿತವೆನಿಸುವುದು ಮುಖ್ಯ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರಿಗೆ ಅಡಿಯ ಮೆತ್ತೆ ಸತ್ತುಹೋಗುತ್ತದೆ, ಮೇಲೆ ನೋಡಲು ಹೊಸದರಂತಿದ್ದರೂ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಬೊಬ್ಬೆ ಏಳುವುದು ಅದರಿಂದ. ಪಾಲಿಯೆಸ್ಟರ್ ಅಥವಾ ನೈಲಾನ್ ಬೆರಕೆಯದು ವಾಸಿ.

ನೆಲದ ವಿಷಯಕ್ಕೆ ಬಂದರೆ ನಮ್ಮ ಎರೆಮಣ್ಣಿಗೆ ಎರಡು ಗುಣ. ಮಳೆ ಬಿದ್ದಾಗ ಬೂಟಿನ ಅಡಿಗೆ ಮೆತ್ತಿಕೊಂಡು ಒಂದೊಂದು ಕಾಲನ್ನೂ ಭಾರ ಮಾಡುತ್ತದೆ, ಜಾರಿಸುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಹೆಂಟೆ ಕಲ್ಲಿನಂತಾಗಿ ಕಾಲು ಉಳುಕಿಸುತ್ತದೆ. ಗರಸು ಹಾಕಿದ ಹೊಲದ ದಾರಿ, ಕಾಲುವೆಯ ದಂಡೆ, ಕ್ರೀಡಾಂಗಣದ ಮಣ್ಣಿನ ಪಥ ಇವು ಒಳ್ಳೆಯವು. ಡಾಂಬರು ರಸ್ತೆಯಿಂದ ಕೆಡುಕಿಲ್ಲ, ಆದರೆ ಅದರ ಅಂಚು ಹೊರಕ್ಕೆ ಇಳಿಜಾರಾಗಿರುತ್ತದೆ. ಸದಾ ಅಂಚಿನಲ್ಲೇ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ, ಸೊಂಟದ ಒಂದು ಬದಿ ನೋಯತೊಡಗುತ್ತದೆ. ವಾಹನವಿಲ್ಲದ ಕಡೆ ಸಮತಟ್ಟಾದ ಭಾಗ ಹುಡುಕಿಕೊಳ್ಳಬೇಕು.

ಹೆದ್ದಾರಿಯಲ್ಲಿ ಓಡದಿರುವುದೇ ಮೇಲು. ಅನಿವಾರ್ಯವಾದರೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಣ್ಣಿಗೆ ಕಾಣುವಂತೆ ಓಡಬೇಕು. ಕಬ್ಬು ನುರಿಸುವ ಕಾಲದಲ್ಲಿ, ನವೆಂಬರಿನಿಂದ ಮುಂದೆ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ನಸುಕಿನಲ್ಲೂ ಓಡಾಡುತ್ತವೆ. ಹೊರಚಾಚಿದ ಕಬ್ಬು ಟ್ರೇಲರಿಗಿಂತ ಒಂದೆರಡು ಅಡಿ ಅಗಲವಿರುತ್ತದೆ. ಅಂಗಿಗೆ ಹೊಳೆಯುವ ಪಟ್ಟಿ ಇರಲಿ, ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ, ಅದರ ಕಡೆ ಮುಖ ಮಾಡಿ ನಿಧಾನ ಹಿಂದೆ ಸರಿಯಬೇಕು. ಓಡಿದಷ್ಟೂ ಅದು ಬೆನ್ನು ಬಿಡುವುದಿಲ್ಲ.

ಬಿಸಿಲು ಮತ್ತು ನೀರು

ಮಾರ್ಚಿನಿಂದ ಮೇ ವರೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಹಗಲಿನ ತಾಪ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಚರ್ಮದ ತಾಪ 35ರ ಆಸುಪಾಸು. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ದೇಹ ತಣ್ಣಗಾಗಲು ಉಳಿಯುವುದು ಬೆವರೊಂದೇ. ಬೆವರಿಗಾಗಿ ರಕ್ತ ಚರ್ಮದ ಕಡೆ ಹರಿಯಬೇಕು, ಓಟಕ್ಕಾಗಿ ಸ್ನಾಯುವಿನ ಕಡೆ. ಎರಡನ್ನೂ ಪೂರೈಸಲು ಹೃದಯ ಹೆಚ್ಚು ಬಡಿಯುತ್ತದೆ. ಡಿಸೆಂಬರಿನಲ್ಲಿ ಎಂಟು ನಿಮಿಷಕ್ಕೆ ಆರಾಮವಾಗಿ ಓಡಿದ ಕಿಲೋಮೀಟರು ಏಪ್ರಿಲಿನಲ್ಲಿ ಒಂಬತ್ತು ಕೇಳುವುದು ಇದಕ್ಕೇ. ಶಕ್ತಿ ಕುಂದಿದೆ ಎಂದು ಗಾಬರಿಯಾಗಬೇಕಿಲ್ಲ, ಮಾತಿನ ಅಳತೆ ಹಿಡಿದು ವೇಗ ಇಳಿಸಿದರೆ ಸಾಕು. ಸೆಖೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಗೆ ಶುರು ಮಾಡಿ ಏಳರೊಳಗೆ ಮುಗಿಸುವುದು ಕ್ಷೇಮ.

ಒಣ ಹವೆಯ ಇನ್ನೊಂದು ಮೋಸವೆಂದರೆ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗಲೇ ಎಷ್ಟು ಬೆವರಿದೆವು ಎಂದು ಗೊತ್ತಾಗುವುದು. ಸರಿಯಾದ ಲೆಕ್ಕ ಬೇಕಿದ್ದರೆ ಓಟದ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು, ಹಗುರ ಬಟ್ಟೆಯಲ್ಲಿ ತೂಕ ನೋಡಬೇಕು. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ, ಕೊಬ್ಬಲ್ಲ.

ಓಟಕ್ಕೆ ಮುಂಚೆ ಒಂದೆರಡು ಲೋಟ ನೀರು ಸಾಕು. ನಲವತ್ತೈದು ನಿಮಿಷದೊಳಗಿನ ಓಟಕ್ಕೆ ಬಾಟಲಿ ಹೊರುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಾದರೆ ನೀರಡಿಕೆ ನೋಡಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ 150 ಮಿಲಿಲೀಟರ್ ಆಸುಪಾಸು. ನೀರಡಿಕೆ ಇಲ್ಲದಿದ್ದರೂ ಲೀಟರುಗಟ್ಟಲೆ ಕುಡಿಯುವುದು ಅಪಾಯ, ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು. ದೀರ್ಘ ಓಟದ ನಂತರ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓ.ಆರ್.ಎಸ್. ಆದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲೆಸಬೇಕು. ಗಟ್ಟಿಯಾಗಿ ಕಲೆಸಿದರೆ ಹೊಟ್ಟೆ ಕೆಡುತ್ತದೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬಿಸಿಲಿನಲ್ಲಿ ಓಡುವವರು ತೊದಲಿದರೆ, ತೂರಾಡಿದರೆ, ಎಲ್ಲಿದ್ದೇನೆಂದು ತಿಳಿಯದಂತಾದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಹೊಟ್ಟೆಗೆ ಏನು?

ಜೋಳದ ರೊಟ್ಟಿ, ಕಾಳುಪಲ್ಯ ಉಂಡು ಒಂದು ತಾಸಿಗೇ ಓಡಿದರೆ ಪಕ್ಕೆ ಹಿಡಿಯುತ್ತದೆ. ನಾರು ಹೆಚ್ಚಿರುವ ಊಟ ಹೊಟ್ಟೆಯಿಂದ ಕೆಳಗಿಳಿಯಲು ಮೂರು ತಾಸಾದರೂ ಬೇಕು. ಬೆಳಗಿನ ಅರ್ಧ, ಮುಕ್ಕಾಲು ಗಂಟೆಯ ಓಟ ಬರಿ ಹೊಟ್ಟೆಯಲ್ಲೇ ನಡೆಯುತ್ತದೆ. ಹಸಿವಾಗುವವರಿಗೆ ಒಂದು ಬಾಳೆಹಣ್ಣು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬರಿ ಹೊಟ್ಟೆಯಲ್ಲಿ ಓಡಬಾರದು, ಕಿಸೆಯಲ್ಲಿ ಗ್ಲೂಕೋಸ್ ಇರಲೇಬೇಕು.

ಓಟದ ನಂತರದ ಊಟಕ್ಕೆ ನಮ್ಮ ಅಡುಗೆಮನೆಯೇ ಸಾಕು. ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಮೊಸರು, ಮೊಳಕೆ ಹೆಸರು, ತಿನ್ನುವವರಿಗೆ ಮೊಟ್ಟೆ. ಪಿಷ್ಟ, ಪ್ರೋಟೀನು, ಉಪ್ಪು ಮೂರೂ ಅಲ್ಲಿವೆ. ತೂಕ ಇಳಿಸಲೆಂದೇ ಓಡುವವರು ಒಂದು ಲೆಕ್ಕ ತಿಳಿದಿರಬೇಕು. ಒಂದು ಕಿಲೋಮೀಟರ್ ಓಟಕ್ಕೆ ದೇಹದ ಒಂದು ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲರಿ ಖರ್ಚಾಗುತ್ತದೆ. 65 ಕಿಲೋದವರು ಐದು ಕಿಲೋಮೀಟರ್ ಓಡಿದರೆ 325. ಒಂದೆರಡು ಶೇಂಗಾ ಹೋಳಿಗೆಯಲ್ಲೇ ಅಷ್ಟೂ ವಾಪಸು ಬರುತ್ತದೆ.

ಹೆಂಗಸರಲ್ಲಿ ಎಷ್ಟು ವಾರ ಓಡಿದರೂ ಉಸಿರು ಸುಧಾರಿಸದಿದ್ದರೆ ರಕ್ತಹೀನತೆ ಇರಬಹುದು. ಹಿಮೋಗ್ಲೋಬಿನ್ ಪ್ರಮಾಣ ನೂರು ಮಿಲಿಲೀಟರ್ ರಕ್ತಕ್ಕೆ ಗರ್ಭಿಣಿಯಲ್ಲದ ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಮಿಗಿಂತ ಕಡಿಮೆ ಇದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ರಕ್ತವೇ ಆಮ್ಲಜನಕ ಸಾಗಿಸದಿದ್ದರೆ ತರಬೇತಿಯಿಂದ ಫಲ ಸಿಗದು.

ಯಾವ ನೋವಿಗೆ ನಿಲ್ಲಬೇಕು?

ಹೊಸಬರಿಗೆ ಹೆಚ್ಚು ಕಾಡುವುದು ಮೊಣಕಾಲ ಕೆಳಗಿನ ಮುಂಭಾಗದ ಎಲುಬಿನ ನೋವು. ಎಲುಬಿನ ಒಳಅಂಚಿನ ಉದ್ದಕ್ಕೂ ಒಂದು ಗೇಣು ಹರಡಿ, ಓಟದ ಮೊದಲಲ್ಲಿ ಹೆಚ್ಚಿದ್ದು ಮೈ ಬಿಸಿಯಾದಂತೆ ಇಳಿದರೆ ಅದು ಎಲುಬಿನ ಮೇಲ್ಪದರದ ಉರಿ. ಓಟವನ್ನು ಅರ್ಧಕ್ಕಿಳಿಸಿ, ಎರಡು ವಾರ ಮೆತ್ತನೆಯ ನೆಲದಲ್ಲಿ ಓಡಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಒಂದೇ ಬೆರಳಿನಿಂದ ‘ಇಲ್ಲೇ’ ಎಂದು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾಗಿ, ರಾತ್ರಿ ಮಲಗಿದಾಗಲೂ ಕಾಡಿದರೆ ಎಲುಬಿನಲ್ಲಿ ಸೂಕ್ಷ್ಮ ಬಿರುಕು ಇರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ಎಲುಬಿನ ವೈದ್ಯರನ್ನು ಕಾಣಬೇಕು. ಮೊದಲ ಕೆಲವು ವಾರ ಇದು ಸಾಧಾರಣ ಎಕ್ಸ್‌ರೇಯಲ್ಲಿ ಕಾಣಿಸದೇ ಇರಬಹುದು ಎಂಬುದೂ ಗೊತ್ತಿರಲಿ.

ಮೊಣಕಾಲ ಚಿಪ್ಪಿನ ಸುತ್ತ, ಮೆಟ್ಟಿಲು ಇಳಿಯುವಾಗ ನೋಯುವುದಕ್ಕೆ ಹೆಚ್ಚಾಗಿ ದೊಡ್ಡ ಹೆಜ್ಜೆ ಮತ್ತು ದುರ್ಬಲ ತೊಡೆ, ಪಿರ್ರೆಯ ಸ್ನಾಯು ಕಾರಣ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ನಾಲ್ಕು ಹೆಜ್ಜೆಗೆ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದಂತಾದರೆ ಅಂಗಾಲಿನ ಪಟ್ಟಿಯ ತೊಂದರೆ. ಎರಡಕ್ಕೂ ಓಟ ಕಡಿಮೆ ಮಾಡುವುದರ ಜೊತೆಗೆ ಬಲದ ವ್ಯಾಯಾಮ ಬೇಕು. ವಾರಕ್ಕೆ ಎರಡು ದಿನ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದರಂತೆ ಮೂರು ಸಲ, ಬಸ್ಕಿ ಹತ್ತರಂತೆ ಮೂರು ಸಲ. ಹದಿನೈದು ನಿಮಿಷದ ಕೆಲಸ.

ಸಾಮಾನ್ಯ ನಿಯಮ ಇಷ್ಟು: ಹತ್ತಕ್ಕೆ ಮೂರರಷ್ಟು ನೋವಿದ್ದು ಮರುದಿನ ಬೆಳಗ್ಗೆ ಹೋಗಿದ್ದರೆ ಓಡಬಹುದು. ಕುಂಟುವಂತಾದರೆ ಅಲ್ಲೇ ನಿಲ್ಲಬೇಕು. ನೋವಿನ ಮಾತ್ರೆ ನುಂಗಿ ಓಡಬಾರದು. ಜ್ವರ ಇದ್ದಾಗಂತೂ ಬೇಡವೇ ಬೇಡ, ಕೆಲವು ವೈರಸ್ಸುಗಳು ಹೃದಯದ ಸ್ನಾಯುವಿಗೂ ತಗಲುತ್ತವೆ.

ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಕಣ್ಣು ಕತ್ತಲೆ, ಎದೆ ಅಡ್ಡಾದಿಡ್ಡಿ ಬಡಿಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ನಿಂತು ಆಸ್ಪತ್ರೆಗೆ ಹೋಗಬೇಕು, ‘ಗ್ಯಾಸ್’ ಎಂದು ಮನೆಗಲ್ಲ. ನಲವತ್ತು ದಾಟಿ ಈವರೆಗೆ ಕೂತೇ ಕೆಲಸ ಮಾಡಿದವರು, ಬಿ.ಪಿ., ಸಕ್ಕರೆ ಇರುವವರು, ಬೀಡಿ, ಸಿಗರೇಟು, ಗುಟ್ಕಾ ಹಚ್ಚಿಕೊಂಡವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಅಂಥವರು ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು.

ವೇಗ ಯಾವಾಗ?

ವಾರಕ್ಕೆ ಮೂರು ಸಲ ನಲವತ್ತು ನಿಮಿಷದಂತೆ ಮೂರು ತಿಂಗಳು ನೋವಿಲ್ಲದೆ ಓಡಿದ ಮೇಲೆ ವೇಗದ ಮಾತು ತೆಗೆಯಬಹುದು. ಆಗಲೂ ವಾರಕ್ಕೊಮ್ಮೆ, ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನಂತೆ ನಾಲ್ಕು ಸಲ ಮಾತ್ರ ಜೋರು. ಪೂರ್ತಿ ಬಿಡದೆ ಮುಕ್ಕಾಲು ವೇಗದಲ್ಲಿ, ನಡುವೆ ಒಂದೂವರೆ ನಿಮಿಷ ನಡಿಗೆ. ಉಳಿದದ್ದೆಲ್ಲ ಹಳೆಯ ವೇಗದಲ್ಲೇ. ಸ್ಪರ್ಧೆಗೆ ಹೆಸರು ಕೊಟ್ಟಿದ್ದರೆ ಗುಂಪಿನ ಹಿಂಭಾಗದಲ್ಲಿ ನಿಂತು, ಮೊದಲ ಎರಡು ಕಿಲೋಮೀಟರನ್ನು ಅಭ್ಯಾಸದ ವೇಗಕ್ಕಿಂತ ಕಿಲೋಮೀಟರಿಗೆ ಹದಿನೈದು ಸೆಕೆಂಡು ನಿಧಾನ ಓಡಬೇಕು. ಶುರುವಿನ ಗದ್ದಲದಲ್ಲಿ ಮುಂದೆ ನುಗ್ಗಿದವರಲ್ಲಿ ಎಷ್ಟೋ ಮಂದಿ ಏಳನೆಯ ಕಿಲೋಮೀಟರಿನಲ್ಲಿ ನಡೆಯುತ್ತ ಸಿಗುತ್ತಾರೆ. ಹೊಸ ಬೂಟು, ಹೊಸ ಕಾಲುಚೀಲ, ಹೊಸ ತಿಂಡಿ ಯಾವುದನ್ನೂ ಆ ದಿನ ಮೊದಲ ಸಲ ಪರೀಕ್ಷಿಸಬಾರದು.